ಅನ್ನನಾಳದ ರಕ್ತಸ್ರಾವ ಮತ್ತು ರಬ್ಬರ್ ಉಂಗುರದ ಚಿಕಿತ್ಸೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಒಂದೆರಡು ದಿನ ಕಾದು ನೋಡುವುದು ನಮ್ಮಲ್ಲಿ ವಾಡಿಕೆ. ಹೊಟ್ಟೆನೋವೆಂದರೆ ಜೀರಿಗೆಯ ಕಷಾಯ, ಓಮದ ನೀರು ಇದ್ದೇ ಇವೆ. ಆದರೆ ರಾತ್ರಿ ಊಟ ಮುಗಿಸಿ, ನಾಲ್ಕು ಮಾತನಾಡಿ ಮಲಗಿದ ಮನುಷ್ಯ ನಡುರಾತ್ರಿಯಲ್ಲೆದ್ದು ಬಚ್ಚಲಿಗೆ ಹೋಗಿ ಬೊಗಸೆಗಟ್ಟಲೆ ರಕ್ತ ಕಾರಿಕೊಂಡರೆ ಏನು ಮಾಡಬೇಕೆಂಬುದು ಬಹಳ ಜನರಿಗೆ ತೋಚುವುದಿಲ್ಲ. ನೋವಿಲ್ಲ, ಮುನ್ಸೂಚನೆಯಿಲ್ಲ, ನೋಡುವವರಿಗೆ ಕೈಕಾಲು ಆಡದಂತಾಗುತ್ತದೆ.

ಇಂಥದೊಂದು ಪ್ರಸಂಗವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಕರಾವಳಿಯ ಹಳ್ಳಿಯೊಂದರಿಂದ ಬಂದು ಮುಂಬಯಿಯ ಉಪನಗರದ ಹೋಟೆಲೊಂದರಲ್ಲಿ ಗಲ್ಲಾದ ಮುಂದೆ ಕೂರುವ, ನಲವತ್ತೈದರ ಆಸುಪಾಸಿನ ಗೃಹಸ್ಥರು. ಹೆಂಡತಿ ಮಕ್ಕಳು ಊರಿನಲ್ಲಿ. ಒಂದು ರಾತ್ರಿ ಹೀಗೆಯೇ ರಕ್ತವಾಂತಿಯಾಯಿತು. ಜೊತೆಯಲ್ಲಿದ್ದ ಹುಡುಗರು ಅವರನ್ನು ಟ್ಯಾಕ್ಸಿಗೆ ಹತ್ತಿಸಿಕೊಂಡು ದೊಡ್ಡ ಆಸ್ಪತ್ರೆಗೆ ಧಾವಿಸಿದರು. ಬೆಳಗಾಗುವಷ್ಟರಲ್ಲಿ ವೈದ್ಯರು ಅವರ ಬಾಯಿಯ ಮೂಲಕ ಒಂದು ನಳಿಕೆಯನ್ನು ಇಳಿಸಿ, ರಕ್ತ ಸುರಿಯುತ್ತಿದ್ದ ನಾಳಗಳಿಗೆ ಪುಟ್ಟ ರಬ್ಬರ್ ಉಂಗುರಗಳನ್ನು ತೊಡಿಸಿ ಸ್ರಾವವನ್ನು ನಿಲ್ಲಿಸಿದ್ದರು. ಹೊಟ್ಟೆ ಕೊಯ್ಯಲಿಲ್ಲ, ಹೊಲಿಗೆ ಹಾಕಲಿಲ್ಲ. ಐದಾರು ದಿನಗಳಲ್ಲಿ ಅವರು ನಡೆದುಕೊಂಡೇ ಆಸ್ಪತ್ರೆಯಿಂದ ಹೊರಬಂದರು. ಕೈಯಲ್ಲಿದ್ದ ಚೀಟಿಯಲ್ಲಿ ಮೂರು ವಾರಗಳ ನಂತರದ ಒಂದು ತಾರೀಖು ಬರೆದಿತ್ತು.

ಇದು ಯಾರೋ ಒಬ್ಬರ ಕಥೆಯಲ್ಲ. ಇಂತಹ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವುದನ್ನು ಒಟ್ಟುಗೂಡಿಸಿ ಹೇಳಿದ್ದು. ಈ ಬೇನೆ ಏನು, ಬಾಯಿಯ ಮೂಲಕ ಇಳಿಸಿದ ನಳಿಕೆಯಿಂದ ರಕ್ತ ನಿಲ್ಲುವುದು ಹೇಗೆ ಎಂಬುದನ್ನು ವಿವರಿಸಿ, ಆ ಚೀಟಿಯ ಮೇಲಿದ್ದ ತಾರೀಖಿನ ಮಹತ್ವವನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ರಕ್ತನಾಳ ಉಬ್ಬುವುದೇಕೆ?

ನಾವು ನುಂಗಿದ ಅನ್ನವನ್ನು ಗಂಟಲಿನಿಂದ ಜಠರಕ್ಕೆ ಸಾಗಿಸುವ ಸ್ನಾಯುವಿನ ಕೊಳವೆಯೇ ಅನ್ನನಾಳ. ಇದರ ಉದ್ದ ಸುಮಾರು 25 ಸೆಂಟಿಮೀಟರ್. ಇದರ ಒಳಪೊರೆಯ ಕೆಳಗೆ ಕೂದಲೆಳೆಯಷ್ಟು ಸಣ್ಣ ಅಭಿಧಮನಿಗಳ, ಎಂದರೆ ಮಲಿನ ರಕ್ತವನ್ನು ಹೊತ್ತೊಯ್ಯುವ ನಾಳಗಳ, ಜಾಲವೊಂದಿದೆ. ಆರೋಗ್ಯವಂತರಲ್ಲಿ ಇದು ಇರುವುದೇ ತಿಳಿಯುವುದಿಲ್ಲ.

ಇದು ಉಬ್ಬುವ ಕಾರಣವನ್ನು ಅನ್ನನಾಳದಲ್ಲಿ ಹುಡುಕಿದರೆ ಸಿಕ್ಕದು. ಅದು ಇರುವುದು ಯಕೃತ್ತಿನಲ್ಲಿ ಅಥವಾ ಯಕೃತ್ತಿಗೆ ಹೋಗುವ ದಾರಿಯಲ್ಲಿ. ಜಠರ, ಕರುಳು, ಗುಲ್ಮ ಇವುಗಳಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಮರಳುವುದಿಲ್ಲ. ಅದು ಪೋರ್ಟಲ್ ಅಭಿಧಮನಿ ಎಂಬ ದೊಡ್ಡ ನಾಳದಲ್ಲಿ ಸೇರಿ ಮೊದಲು ಯಕೃತ್ತನ್ನು ಹೊಗುತ್ತದೆ. ಅಲ್ಲಿ ಆಹಾರಸತ್ವಗಳ ಸಂಸ್ಕರಣ, ವಿಷವಸ್ತುಗಳ ನಿವಾರಣೆ ಮುಂತಾದ ಕಾರ್ಯಗಳು ನಡೆದ ಮೇಲೆಯೇ ರಕ್ತ ಹೃದಯದತ್ತ ಸಾಗುತ್ತದೆ. ಯಕೃತ್ತಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬರುವುದು ಈ ಪೋರ್ಟಲ್ ಅಭಿಧಮನಿಯಿಂದಲೇ.

ಊರ ಕೆರೆಯನ್ನು ನೆನೆಯಿರಿ. ತೂಬು ಸರಿಯಾಗಿದ್ದಾಗ ನೀರು ಕಾಲುವೆಯಲ್ಲಿ ಹರಿದು ಗದ್ದೆಗಳನ್ನು ಸೇರುತ್ತದೆ. ತೂಬಿನಲ್ಲಿ ಹೂಳು ತುಂಬಿತೆನ್ನಿ. ನೀರಿನ ಮಟ್ಟ ಏರುತ್ತದೆ. ಏರಿಯಲ್ಲಿ ಸಿಕ್ಕ ಸಂದುಗೊಂದುಗಳಲ್ಲೆಲ್ಲ ನುಸುಳಲು ಹವಣಿಸುತ್ತದೆ. ಕೊನೆಗೆ ಏರಿಯ ಬಲಹೀನವಾದ ಭಾಗ ಕೊಚ್ಚಿಹೋಗುತ್ತದೆ. ಯಕೃತ್ತು ಗಾಯಗೊಂಡು, ಗಾಯ ಮಾಗಿ ಗಟ್ಟಿಯಾದಾಗ ನಡೆಯುವುದೂ ಇದೇ. ರಕ್ತಕ್ಕೆ ದಾರಿ ಕಿರಿದಾಗಿ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಹೆಚ್ಚುತ್ತದೆ. ಆಗ ರಕ್ತವು ಅಡ್ಡದಾರಿಗಳನ್ನು ಹುಡುಕಿ, ಅನ್ನನಾಳದ ಕೆಳತುದಿಯ ಸಣ್ಣ ನಾಳಗಳ ಮೂಲಕ ಹೃದಯದತ್ತ ಹೋಗತೊಡಗುತ್ತದೆ. ಅಷ್ಟು ರಕ್ತಕ್ಕಾಗಿ ನಿರ್ಮಾಣವಾಗದ ಆ ನಾಳಗಳು ಹಿಗ್ಗಿ, ಸುತ್ತಿ, ಹಗ್ಗದಂತೆ ಒಳಕ್ಕೆ ಚಾಚಿಕೊಳ್ಳುತ್ತವೆ. ದಿನವಿಡೀ ನಿಂತು ಕೆಲಸ ಮಾಡುವವರ ಮೀನಖಂಡದ ಮೇಲೆ ನೀಲಿಗಟ್ಟಿ ಉಬ್ಬಿದ ನಾಳಗಳನ್ನು ನೀವು ಕಂಡಿರಬಹುದು. ಅನ್ನನಾಳದೊಳಗಿನ ನೋಟವೂ ಸುಮಾರಾಗಿ ಹಾಗೆಯೇ. ವೈದ್ಯರು ಇವನ್ನು ವ್ಯಾರಿಸಿಸ್ ಎನ್ನುತ್ತಾರೆ.

ಯಕೃತ್ತಿನ ಈಚೆ ಆಚೆಗಳ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ ಪಾದರಸದ 5 ಮಿಲಿಮೀಟರನ್ನು ಮೀರುವುದಿಲ್ಲ. ಅದು 10 ಮುಟ್ಟಿದರೆ ನಾಳಗಳು ಉಬ್ಬುವ ಸಂಭವವುಂಟು. 12 ದಾಟಿದರೆ ಒಡೆಯುವ ಅಪಾಯ ಆರಂಭವಾಗುತ್ತದೆ. ಊದಿದಷ್ಟೂ ಪುಗ್ಗೆಯ ಗೋಡೆ ತೆಳುವಾಗುವಂತೆ, ನಾಳ ಹಿಗ್ಗಿದಷ್ಟೂ ಅದರ ಗೋಡೆ ತೆಳುವಾಗುತ್ತದೆ. ಒಂದು ದಿನ ಅದು ಬಿರಿಯುತ್ತದೆ. ಅಲ್ಲಿಯತನಕ ಮನುಷ್ಯನಿಗೆ ಏನೂ ಅನ್ನಿಸದಿರಬಹುದು ಎಂಬುದೇ ಈ ಬೇನೆಯ ಕಪಟ.

ಕುಡಿತವೊಂದೇ ಕಾರಣವಲ್ಲ

ಮೇಲೆ ಹೇಳಿದ ಗೃಹಸ್ಥರು ಆಸ್ಪತ್ರೆಯಲ್ಲಿದ್ದಾಗ ಹೋಟೆಲಿನ ಹುಡುಗರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು: “ನಮಗೆ ತಿಳಿಯದಂತೆ ಕುಡಿಯುತ್ತಿದ್ದರೇನೋ!” ಅವರು ಎಂದೂ ಮದ್ಯ ಮುಟ್ಟಿದವರಲ್ಲ. ರಕ್ತಪರೀಕ್ಷೆಯಲ್ಲಿ ತಿಳಿದುಬಂದದ್ದು ಹೆಪಟೈಟಿಸ್ ಬಿ ಎಂಬ ವೈರಾಣುವಿನ ಸೋಂಕು. ಅದು ಅವರಿಗರಿವಿಲ್ಲದೆಯೇ ಹಲವು ವರ್ಷಗಳಿಂದ ಯಕೃತ್ತನ್ನು ತಿನ್ನುತ್ತಿತ್ತು.

ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಮದ್ಯಪಾನ ಅದರ ಮುಖ್ಯ ಕಾರಣಗಳಲ್ಲೊಂದೆಂಬುದು ನಿಜ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನೊಡನೆ ಬರುವ ಯಕೃತ್ತಿನ ಕೊಬ್ಬು, ಇವೂ ಅಷ್ಟೇ ಪ್ರಬಲವಾದ ಕಾರಣಗಳು. ಕುಳಿತು ದುಡಿಯುವ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ನಗರವಾಸಿಗಳು ಕೊನೆಯದನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಗುಂಪಿನ ರೋಗಿಗಳೂ ಇದ್ದಾರೆ: ಮಕ್ಕಳು. ಇವರ ಯಕೃತ್ತು ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಹೊಗುವ ಮೊದಲೇ ಪೋರ್ಟಲ್ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ಹಸುಗೂಸಾಗಿದ್ದಾಗ ಹೊಕ್ಕುಳಿಗೆ ತಗುಲಿದ ಸೋಂಕು ಕೆಲವರಲ್ಲಿ ಇದಕ್ಕೆ ಕಾರಣ. ಅನೇಕರಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಆಡಿಕೊಂಡಿದ್ದ ಮಗು ಒಮ್ಮೆಲೇ ರಕ್ತ ವಾಂತಿಮಾಡಿದರೆ, ಪರೀಕ್ಷಿಸಿದಾಗ ಗುಲ್ಮ ದೊಡ್ಡದಾಗಿದ್ದರೆ, ವೈದ್ಯರು ಮೊದಲು ಶಂಕಿಸುವುದು ಇದನ್ನೇ. ಯಕೃತ್ತು ಕೆಟ್ಟಿಲ್ಲವಾದ್ದರಿಂದ, ರಕ್ತಸ್ರಾವವನ್ನು ತಡೆದರೆ ಈ ಮಕ್ಕಳು ಬೆಳೆದು ದೊಡ್ಡವರಾಗಿ ಎಲ್ಲರಂತೆ ಬಾಳಬಲ್ಲರು. ತಂದೆತಾಯಂದಿರು ಎದೆಗುಂದಬೇಕಾಗಿಲ್ಲ.

ಹಿಂದಿನವರು ಪಟ್ಟ ಪಾಡು

ದೇಹದೊಳಗೆ ಇಣುಕಿ ನೋಡುವ ಆಸೆ ವೈದ್ಯರಿಗೆ ಹಳೆಯದು. 1868ರಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಕುಸ್ಮೌಲ್ ಎಂಬ ವೈದ್ಯರು ನೆಟ್ಟಗಿನ ಲೋಹದ ಕೊಳವೆಯಿಂದ ಜಠರವನ್ನು ನೋಡುವ ಪ್ರಯತ್ನ ಮಾಡಿದರು. ಅಂಥ ಕೊಳವೆಯನ್ನು ನುಂಗಬಲ್ಲವರು ಯಾರು? ಕತ್ತಿ ನುಂಗುವ ಆಟದವನೊಬ್ಬನನ್ನೇ ಅವರು ಆಶ್ರಯಿಸಬೇಕಾಯಿತು!

ಉಬ್ಬಿದ ನಾಳಗಳಿಗೆ ಅಂತರ್ದರ್ಶಕದ ಮೂಲಕವೇ ಚಿಕಿತ್ಸೆ ಮಾಡಿದ ಮೊದಲಿಗರು ಸ್ವೀಡನ್ನಿನ ಕ್ರಾಫೂರ್ಡ್ ಮತ್ತು ಫ್ರೆಂಕ್ನರ್. 1939ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ನೆಟ್ಟಗಿನ ಕೊಳವೆಯ ಮೂಲಕ ಸೂಜಿಯನ್ನು ಇಳಿಸಿ, ನಾಳಗಳಿಗೆ ಕ್ವಿನೈನ್ ದ್ರಾವಣವನ್ನು ಚುಚ್ಚಿ, ಅವು ಬಾತು ಮುಚ್ಚಿಹೋಗುವಂತೆ ಮಾಡುವುದು ಅವರ ಉಪಾಯ. ಆದರೆ ಆ ಕಾಲದ ಉಪಕರಣಗಳು ಒರಟು, ಅರಿವಳಿಕೆಯೂ ಬೇಕಾಗುತ್ತಿತ್ತು. ಶಸ್ತ್ರವೈದ್ಯರು ಬೇರೆ ದಾರಿ ಹಿಡಿದರು. ಹೊಟ್ಟೆಯನ್ನು ತೆರೆದು, ಪೋರ್ಟಲ್ ಅಭಿಧಮನಿಯನ್ನು ಬೇರೊಂದು ದೊಡ್ಡ ನಾಳಕ್ಕೆ ಜೋಡಿಸಿ ಒತ್ತಡವನ್ನು ಇಳಿಸುವುದು ಆ ದಾರಿ. ರಕ್ತ ನಿಲ್ಲುತ್ತಿತ್ತು. ಆದರೆ ಮೊದಲೇ ಸೋತ ಯಕೃತ್ತಿನ ರೋಗಿಗಳಲ್ಲಿ ಅನೇಕರು ಶಸ್ತ್ರಕ್ರಿಯೆಯನ್ನು ತಾಳುತ್ತಿರಲಿಲ್ಲ. ತಾಳಿದವರಲ್ಲಿ ಕೆಲವರಿಗೆ ಕರುಳಿನ ವಿಷವಸ್ತುಗಳು ನೇರವಾಗಿ ಮೆದುಳನ್ನು ಸೇರಿ ಬುದ್ಧಿಭ್ರಮಣೆಯಾಗುತ್ತಿತ್ತು. 1950ರಲ್ಲಿ ಸೆಂಗ್‌ಸ್ಟಾಕನ್ ಮತ್ತು ಬ್ಲೇಕ್‌ಮೋರ್ ಎಂಬುವರು ಅನ್ನನಾಳದೊಳಗೆ ಉಬ್ಬಿಸಿ ನಾಳಗಳನ್ನು ಅದುಮುವ ಪುಗ್ಗೆಯ ನಳಿಕೆಯನ್ನು ಬಳಕೆಗೆ ತಂದರು. ಅದು ಗಂಟೆಗಳ ಮಟ್ಟಿಗೆ ಪ್ರಾಣ ಉಳಿಸುತ್ತದೆ. ಗಾಳಿ ತೆಗೆದರೆ ಮತ್ತೆ ರಕ್ತ.

ಈ ಕಥೆಯ ದಿಕ್ಕನ್ನು ಬದಲಿಸಿದ್ದು ಬಾಗುವ ಅಂತರ್ದರ್ಶಕ. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳ ಕಟ್ಟೊಂದರ ಮೂಲಕ ಬಿಂಬವನ್ನು ಸಾಗಿಸಬಹುದೆಂದು 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಅವರೊಡನೆ ತೋರಿಸಿಕೊಟ್ಟವರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಎಂಬುದು ನಮಗೆ ಅಭಿಮಾನದ ಸಂಗತಿ. ಅದೇ ತತ್ವದ ಮೇಲೆ 1957ರಲ್ಲಿ ಅಮೆರಿಕದಲ್ಲಿ ಹಿರ್ಷೋವಿಟ್ಸ್ ಬಾಗುವ ಜಠರದರ್ಶಕವನ್ನು ಸಿದ್ಧಪಡಿಸಿದರು. ಚುಚ್ಚುಮದ್ದಿನ ಹಳೆಯ ವಿಧಾನಕ್ಕೆ ಮರುಜೀವ ಬಂದಿತು. 1973ರಲ್ಲಿ ಬೆಲ್‌ಫಾಸ್ಟಿನ ಜಾನ್ಸ್‌ಟನ್ ಮತ್ತು ರಾಜರ್ಸ್ ತಮ್ಮ 15 ವರ್ಷಗಳ ಅನುಭವವನ್ನು ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಹಬ್ಬಿತು. ಆದರೂ ಚುಚ್ಚಿದ ಔಷಧ ನಾಳದ ಹೊರಗೂ ಹರಿದು, ಹುಣ್ಣು ಹಾಗೂ ಅನ್ನನಾಳ ಕಿರಿದಾಗುವ ತೊಂದರೆಗಳು ತಪ್ಪಲಿಲ್ಲ.

ಮೂಲವ್ಯಾಧಿಯಿಂದ ಬಂದ ಉಪಾಯ

ಮೂಲವ್ಯಾಧಿಯ ಮೊಳಕೆಗಳ ಬುಡಕ್ಕೆ ರಬ್ಬರ್ ಉಂಗುರವನ್ನು ತೊಡಿಸಿ, ಅವು ಒಣಗಿ ಬೀಳುವಂತೆ ಮಾಡುವುದು ಆಗಲೇ ಬಳಕೆಯಲ್ಲಿದ್ದ ಚಿಕಿತ್ಸೆ. ಅದನ್ನೇ ಅನ್ನನಾಳದಲ್ಲೂ ಏಕೆ ಮಾಡಬಾರದು? ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಗ್ರೆಗರಿ ಸ್ಟೀಗ್‌ಮನ್ ಮತ್ತು ಸಂಗಡಿಗರು 1980ರ ದಶಕದ ಮಧ್ಯಭಾಗದಲ್ಲಿ ಇದನ್ನು ಸಾಧಿಸಿ ತೋರಿಸಿದರು. 1992ರಲ್ಲಿ ಅವರು 129 ರೋಗಿಗಳಲ್ಲಿ ಚುಚ್ಚುಮದ್ದನ್ನೂ ಉಂಗುರವನ್ನೂ ಹೋಲಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಚಿಕಿತ್ಸೆಯಿಂದಲೇ ಉಂಟಾದ ತೊಂದರೆಗಳು ಚುಚ್ಚುಮದ್ದಿನಲ್ಲಿ ನೂರಕ್ಕೆ 22, ಉಂಗುರದಲ್ಲಿ ಕೇವಲ 2. ಮೊದಲ ಗುಂಪಿನಲ್ಲಿ ನೂರಕ್ಕೆ 45 ಮಂದಿ ತೀರಿಕೊಂಡರೆ, ಎರಡನೆಯದರಲ್ಲಿ 28. ಅಲ್ಲಿಂದೀಚೆಗೆ ಅನ್ನನಾಳದ ನಾಳಗಳಿಗೆ ಉಂಗುರವೇ ಮೊದಲ ಆಯ್ಕೆಯಾಗಿದೆ.

ಆರಂಭದಲ್ಲಿ ಒಂದು ಉಂಗುರ ತೊಡಿಸಿದ ಮೇಲೆ ನಳಿಕೆಯನ್ನು ಹೊರತೆಗೆದು ಮತ್ತೊಂದನ್ನು ಏರಿಸಿಕೊಂಡು ಬರಬೇಕಾಗಿತ್ತು. ಈಗ ಒಮ್ಮೆ ಇಳಿಸಿದರೆ ಆರೇಳು ಉಂಗುರಗಳನ್ನು ಸಾಲಾಗಿ ತೊಡಿಸಬಹುದು. ನಳಿಕೆಯ ತುದಿಯಲ್ಲೇ ಪುಟ್ಟ ಕ್ಯಾಮರಾ ಇದ್ದು, ಒಳಗಿನ ದೃಶ್ಯ ಪರದೆಯ ಮೇಲೆ ಕಾಣುತ್ತದೆ. ಜಠರದ ಮೇಲ್ಭಾಗದಲ್ಲಿ ಉಬ್ಬಿದ ದೊಡ್ಡ ನಾಳಗಳಿಗೆ ಮಾತ್ರ ಉಂಗುರ ಸಾಲದು. ಅಲ್ಲಿ ಸಯನೋಅಕ್ರಿಲೇಟ್ ಎಂಬ, ರಕ್ತ ತಾಗಿದೊಡನೆ ಗಟ್ಟಿಯಾಗುವ ಅಂಟನ್ನು ನಾಳದೊಳಗೆ ಚುಚ್ಚುತ್ತಾರೆ.

ಚಿಕಿತ್ಸೆ ನಡೆಯುವ ಬಗೆ

ರಕ್ತ ಕಾರಿಕೊಂಡ ರೋಗಿ ಬಂದೊಡನೆ ನಳಿಕೆ ಇಳಿಸುವುದಿಲ್ಲ. ಮೊದಲು ಉಸಿರಾಟ ಮತ್ತು ರಕ್ತದೊತ್ತಡ ಸ್ಥಿಮಿತಕ್ಕೆ ಬರಬೇಕು. ರೋಗಿಗೆ ಎಚ್ಚರ ತಪ್ಪಿದ್ದರೆ ವಾಂತಿಯ ರಕ್ತ ಶ್ವಾಸಕೋಶಕ್ಕೆ ಇಳಿಯದಂತೆ ಶ್ವಾಸನಾಳಕ್ಕೆ ಕೊಳವೆ ಹಾಕುತ್ತಾರೆ. ಪೋರ್ಟಲ್ ಒತ್ತಡವನ್ನು ತಗ್ಗಿಸುವ ಟರ್ಲಿಪ್ರೆಸ್ಸಿನ್ ಅಥವಾ ಆಕ್ಟ್ರಿಯೊಟೈಡ್ ಔಷಧವನ್ನೂ, ಸೋಂಕು ತಡೆಯುವ ಆಂಟಿಬಯಾಟಿಕ್ಕನ್ನೂ ತಡಮಾಡದೆ ಆರಂಭಿಸುತ್ತಾರೆ.

ರಕ್ತ ಕೊಡುವ ವಿಷಯದಲ್ಲಿ ಬಂಧುಗಳಿಗೆ ಒಂದು ಮಾತು ಹೇಳಬೇಕು. “ಇಷ್ಟು ರಕ್ತ ಹೋಗಿದೆ, ಇನ್ನೂ ನಾಲ್ಕು ಬಾಟಲಿ ಕೊಡಿ” ಎಂದು ಒತ್ತಾಯಿಸುವುದು ಸಹಜ. ಆದರೆ ಅತಿಯಾಗಿ ರಕ್ತ ಕೊಟ್ಟರೆ ಪೋರ್ಟಲ್ ಒತ್ತಡ ಮತ್ತೆ ಏರಿ, ನಿಂತ ಸ್ರಾವ ಮರುಕಳಿಸುತ್ತದೆ. 2013ರಲ್ಲಿ ಬಾರ್ಸಿಲೋನಾದ ವೈದ್ಯರು ಜಠರ ಹಾಗೂ ಅನ್ನನಾಳದ ರಕ್ತಸ್ರಾವದ ರೋಗಿಗಳ ಬಗ್ಗೆ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಇಳಿದಾಗ ಮಾತ್ರ ರಕ್ತ ಪಡೆದವರು, ಧಾರಾಳವಾಗಿ ಪಡೆದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬದುಕಿ ಉಳಿದರು. ಆದುದರಿಂದ ವೈದ್ಯರು ಅಳೆದು ಕೊಟ್ಟರೆ ಅದು ಜಿಪುಣತನವಲ್ಲ, ಜಾಣತನ.

ಹೀಗೆ ರೋಗಿ ಚೇತರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಬಂದ 12 ಗಂಟೆಗಳೊಳಗೆ, ಎಂಡೋಸ್ಕೋಪಿ ನಡೆಯುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿ, ಮಂಪರಿನ ಮದ್ದು ಕೊಟ್ಟು, ಹಲ್ಲುಗಳ ನಡುವೆ ಒಂದು ಕವಚವಿಟ್ಟು, ಕಿರುಬೆರಳಿನಷ್ಟು ದಪ್ಪದ ನಳಿಕೆಯನ್ನು ಮೆಲ್ಲಗೆ ಇಳಿಸುತ್ತಾರೆ. ನಳಿಕೆಯ ತುದಿಗೆ ಪಾರದರ್ಶಕವಾದ ಪುಟ್ಟ ಟೊಪ್ಪಿಗೆಯಿದೆ. ಅದರ ಹೊರಮೈಗೆ ಹಿಗ್ಗಿಸಿ ಕೂರಿಸಿದ ರಬ್ಬರ್ ಉಂಗುರಗಳಿವೆ. ವೈದ್ಯರು ಟೊಪ್ಪಿಗೆಯನ್ನು ಉಬ್ಬಿದ ನಾಳಕ್ಕೆ ತಾಗಿಸಿ ಗಾಳಿಯನ್ನು ಹೀರುತ್ತಾರೆ. ನಾಳವು ಟೊಪ್ಪಿಗೆಯೊಳಗೆ ಸೆಳೆದುಕೊಂಡು, ಪರದೆ ಪೂರ್ತಿ ಕೆಂಪಾಗುತ್ತದೆ. ಆಗ ಹಿಡಿಕೆಯ ಬಳಿಯ ತಿರುಗಣಿಯನ್ನು ತಿರುಗಿಸಿದರೆ ದಾರವೊಂದು ಸೆಳೆದು ಉಂಗುರ ಜಾರಿ ನಾಳದ ಬುಡವನ್ನು ಬಿಗಿಯುತ್ತದೆ. ಅನ್ನನಾಳವು ಜಠರವನ್ನು ಸೇರುವ ತಾಣದಿಂದ ಆರಂಭಿಸಿ, ಸುತ್ತುತ್ತ ಮೇಲಕ್ಕೆ ಬರುತ್ತಾರೆ. ನುರಿತ ಕೈಯಲ್ಲಿ ಬಹುಪಾಲು ಅರ್ಧ ಗಂಟೆಯೊಳಗಿನ ಕೆಲಸ.

ಬಿಗಿದ ಭಾಗಕ್ಕೆ ರಕ್ತ ಸಿಕ್ಕದೆ ಅದು ಒಂದು ವಾರದ ಆಸುಪಾಸಿನಲ್ಲಿ ಉಂಗುರದ ಸಮೇತ ಕಳಚಿ ಬೀಳುತ್ತದೆ, ಮಲದೊಡನೆ ಹೊರಹೋಗುತ್ತದೆ. ಅಲ್ಲೊಂದು ಆಳವಿಲ್ಲದ ಹುಣ್ಣು ಉಳಿದು, ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಮಾಯ್ದ ಕಲೆಯ ಜಾಗದಲ್ಲಿ ನಾಳ ಮುಚ್ಚಿಹೋಗಿರುತ್ತದೆ.

ಎದೆಯಲ್ಲಿ ಒಂದೆರಡು ದಿನ ಹಿಡಿದಂತೆ ನೋವು, ನುಂಗುವಾಗ ಕಿರಿಕಿರಿ ಇರಬಹುದು. ಮೊದಲು ನೀರು, ಎಳನೀರು, ತಣ್ಣಗಿನ ಗಂಜಿ. ಬಳಿಕ ಮೆತ್ತಗಿನ ಮೊಸರನ್ನ, ರಾಗಿ ಅಂಬಲಿ. ಚಕ್ಕುಲಿ, ಒಣ ರೊಟ್ಟಿ, ಮುಳ್ಳಿನ ಮೀನು, ಸುಡುಸುಡುವ ಕಾಫಿ ಇವನ್ನು ವೈದ್ಯರು ಹೇಳುವ ತನಕ ದೂರವಿಡಬೇಕು. ಕೆಲವರಿಗೆ ಉಂಗುರ ಕಳಚಿದ ಹುಣ್ಣಿನಿಂದಲೇ ರಕ್ತ ಬರಬಹುದು. ಆದುದರಿಂದ ಮೊದಲೆರಡು ವಾರ ದೂರಪ್ರಯಾಣ ಬೇಡ. ಚಿಕಿತ್ಸೆ ಪಡೆದ ಆಸ್ಪತ್ರೆಗೆ ಹತ್ತಿರದಲ್ಲಿರುವುದು ಲೇಸು.

ಚೀಟಿಯ ಮೇಲಿನ ತಾರೀಖು

ನಮ್ಮ ಗೃಹಸ್ಥರು ಮಾಡಿದ್ದೇನು? ಆಸ್ಪತ್ರೆಯಿಂದ ಬಂದ ವಾರದಲ್ಲೇ ಊರಿಗೆ ಹೊರಟರು. ಹೆಂಡತಿ ಮಕ್ಕಳ ಮುಖ ನೋಡಬೇಕು, ಮನೆಯ ಊಟ ಉಂಡು ಸುಧಾರಿಸಿಕೊಳ್ಳಬೇಕೆಂಬ ಆಸೆ ಯಾರಿಗಿರುವುದಿಲ್ಲ? ಊರಿನಲ್ಲಿ ಹಸಿವು ಬಂದಿತು, ಮೈಯಲ್ಲಿ ಕಸುವು ಕೂಡಿತು. ಮೂರು ವಾರದ ತಾರೀಖು ಬಂದಾಗ, “ಈಗ ಆರಾಮವಾಗಿದ್ದೇನಲ್ಲ, ಹೇಗೂ ಮುಂದಿನ ತಿಂಗಳು ಮುಂಬಯಿಗೆ ಹೋಗುವುದುಂಟು” ಎಂದುಕೊಂಡರು. ಆ ಮುಂದಿನ ತಿಂಗಳಿನಲ್ಲೇ, ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ಹಾದಿಯಿರುವ ಹಳ್ಳಿಯಲ್ಲಿ, ಅವರಿಗೆ ಎರಡನೆಯ ಸಲ ರಕ್ತವಾಂತಿಯಾಯಿತು.

ಮೊದಲ ದಿನ ತೊಡಿಸಿದ ಉಂಗುರಗಳು ಎಲ್ಲ ನಾಳಗಳನ್ನೂ ಮುಚ್ಚುವುದಿಲ್ಲ. ತೂಬಿನ ಹೂಳು ಹಾಗೆಯೇ ಇದೆ, ಒತ್ತಡ ಇಳಿದಿಲ್ಲ. ಉಳಿದ ನಾಳಗಳು ಆ ಭಾರವನ್ನು ಹೊರುತ್ತಿವೆ. ಆದ್ದರಿಂದಲೇ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ನಳಿಕೆ ಇಳಿಸಿ, ಹೊಸ ಉಂಗುರಗಳನ್ನು ತೊಡಿಸುತ್ತ, ನಾಳಗಳು ಕಣ್ಮರೆಯಾಗುವ ತನಕ ಮುಂದುವರಿಸಬೇಕು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸರದಿ ಬೇಕಾಗುತ್ತದೆ. ಅನಂತರವೂ ಮೂರು–ಆರು ತಿಂಗಳಿಗೊಮ್ಮೆ, ಆ ಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಬೇಕು. ಏಕೆಂದರೆ ನಾಳಗಳು ಮರಳಿ ಹುಟ್ಟಬಲ್ಲವು. ಜೊತೆಗೆ ಪೋರ್ಟಲ್ ಒತ್ತಡವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆಯನ್ನು ತಪ್ಪದೆ ಸೇವಿಸಬೇಕು. ಇವನ್ನು ತಾವಾಗಿ ಆರಂಭಿಸಲೂ ಬಾರದು, ತಾವಾಗಿ ನಿಲ್ಲಿಸಲೂ ಬಾರದು; ಉಬ್ಬಸವಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸಿರೋಸಿಸ್ ರೋಗಿಗಳು ಮೊದಲ ರಕ್ತಸ್ರಾವದ ನಂತರ ಯಾವ ತಡೆಚಿಕಿತ್ಸೆಯನ್ನೂ ಪಡೆಯದಿದ್ದರೆ ಒಂದೆರಡು ವರ್ಷಗಳಲ್ಲಿ ನೂರಕ್ಕೆ ಸುಮಾರು 60 ಮಂದಿಗೆ ಅದು ಮರುಕಳಿಸುತ್ತದೆ. ಉಂಗುರ ಹಾಗೂ ಮಾತ್ರೆ ಎರಡೂ ಸೇರಿದರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಫ್ರಾನ್ಸಿನಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, 1980ರಲ್ಲಿ ಈ ರಕ್ತಸ್ರಾವದಿಂದ ಆಸ್ಪತ್ರೆ ಸೇರಿದ ಸಿರೋಸಿಸ್ ರೋಗಿಗಳಲ್ಲಿ ನೂರಕ್ಕೆ 42ಕ್ಕಿಂತ ಹೆಚ್ಚು ಮಂದಿ ಅಲ್ಲೇ ತೀರಿಕೊಳ್ಳುತ್ತಿದ್ದರು. 2000ನೆಯ ಇಸವಿಗೆ ಈ ಸಂಖ್ಯೆ 15ಕ್ಕಿಂತ ಕೆಳಗಿಳಿದಿತ್ತು. ಇಷ್ಟು ದೊಡ್ಡ ಲಾಭವನ್ನು ತಾರೀಖು ತಪ್ಪಿಸಿ ಕಳೆದುಕೊಳ್ಳುವುದು ತರವಲ್ಲ.

ಉಂಗುರ ಮತ್ತು ಮಾತ್ರೆಗಳಿಗೂ ರಕ್ತ ಬಗ್ಗದಿದ್ದರೆ, ಕುತ್ತಿಗೆಯ ನಾಳದ ಮೂಲಕ ಯಕೃತ್ತಿನೊಳಗೆ ಲೋಹದ ಜಾಲರಿಯ ಕೊಳವೆಯೊಂದನ್ನು ಇರಿಸಿ ಒತ್ತಡವನ್ನು ಇಳಿಸುವ ಟಿಪ್ಸ್ ಎಂಬ ವಿಧಾನವಿದೆ. ಯಕೃತ್ತು ಪೂರ್ತಿಯಾಗಿ ಸೋತಿದ್ದರೆ ಯಕೃತ್ತಿನ ಕಸಿಯೇ ಗತಿ. ಅಲ್ಲಿಯವರೆಗೆ ರೋಗಿಯನ್ನು ಜೋಪಾನವಾಗಿ ದಾಟಿಸುವುದೂ ಉಂಗುರದ ಒಂದು ಉಪಕಾರವೇ.

ಒಡೆಯುವ ಮುನ್ನವೇ ತಿಳಿಯಬಹುದೇ?

ತಿಳಿಯಬಹುದು. ಸಿರೋಸಿಸ್ ಇದೆಯೆಂದು ಗೊತ್ತಾದವರು ನಾಳಗಳು ಉಬ್ಬಿವೆಯೇ ಎಂದು ವೈದ್ಯರನ್ನು ಕೇಳಿ ತಿಳಿಯಬೇಕು. ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳ ಸಂಖ್ಯೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದು, ಯಕೃತ್ತಿನ ಗಡಸುತನವನ್ನು ಅಳೆಯುವ ಪರೀಕ್ಷೆಯಲ್ಲಿ 20 ಕಿಲೋಪಾಸ್ಕಲಿಗಿಂತ ಕಡಿಮೆ ಬಂದರೆ ಅಪಾಯದ ನಾಳಗಳಿರುವ ಸಂಭವ ತೀರ ಕಡಿಮೆ; ಎಂಡೋಸ್ಕೋಪಿಯನ್ನು ಮುಂದೂಡಬಹುದು. ಉಳಿದವರಿಗೆ ಅದು ಬೇಕಾಗಬಹುದು.

ದೊಡ್ಡ ನಾಳಗಳು ಕಂಡುಬಂದರೆ ಅವು ಒಡೆಯುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಈ ವಿಷಯದಲ್ಲಿ ಗಮನಾರ್ಹವಾದ ಅಧ್ಯಯನವೊಂದು ನಡೆದದ್ದು ದಿಲ್ಲಿಯ ಜಿ. ಬಿ. ಪಂತ್ ಆಸ್ಪತ್ರೆಯಲ್ಲಿ. ಎಂದೂ ರಕ್ತಸ್ರಾವವಾಗದ, ಆದರೆ ದೊಡ್ಡ ನಾಳಗಳಿದ್ದ 89 ರೋಗಿಗಳ ಪೈಕಿ ಕೆಲವರಿಗೆ ಪ್ರೊಪ್ರನೊಲಾಲ್, ಉಳಿದವರಿಗೆ ಉಂಗುರದ ಚಿಕಿತ್ಸೆ ಕೊಟ್ಟು ಡಾ. ಶಿವಕುಮಾರ್ ಸರೀನ್ ಮತ್ತು ಸಂಗಡಿಗರು 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿನೆಂಟು ತಿಂಗಳಲ್ಲಿ ರಕ್ತಸ್ರಾವವಾಗುವ ಸಂಭವ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 43, ಉಂಗುರದ ಗುಂಪಿನಲ್ಲಿ 15 ಆಗಿತ್ತು. ಅನಂತರದ ಅಧ್ಯಯನಗಳಲ್ಲಿ ಇಷ್ಟು ಅಂತರ ಕಾಣಲಿಲ್ಲ. ಯಕೃತ್ತು ಮತ್ತಷ್ಟು ಕೆಡದಂತೆ ಕಾಯುವ ಗುಣವೂ ಇರುವುದರಿಂದ ಇಂದು ಮೊದಲು ಕಾರ್ವೆಡಿಲಾಲಿನಂಥ ಮಾತ್ರೆಗಳನ್ನು ಕೊಟ್ಟು, ಅವನ್ನು ತಾಳದವರಿಗೆ ಉಂಗುರ ತೊಡಿಸುವುದು ರೂಢಿ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಮೂಲಕಾರಣದ ಚಿಕಿತ್ಸೆ ಇನ್ನೂ ಮುಖ್ಯ. ಮದ್ಯಪಾನಿಗಳು ಅದನ್ನು ಪೂರ್ತಿ ಬಿಡಬೇಕು. ಹಬ್ಬಕ್ಕೊಂದು ಗುಟುಕು ಎಂಬ ರಿಯಾಯಿತಿ ಇಲ್ಲ. ಹೆಪಟೈಟಿಸ್ ಸಿ ಸೋಂಕನ್ನು ಕೆಲವು ತಿಂಗಳ ಮಾತ್ರೆಗಳಿಂದ ಬಹುತೇಕ ಎಲ್ಲರಲ್ಲೂ ಗುಣಪಡಿಸಬಹುದು. ಬಿ ವೈರಾಣುವನ್ನು ಮಾತ್ರೆಗಳಿಂದ ಅಂಕೆಯಲ್ಲಿಡಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿಯಲ್ಲಿ ಇವುಗಳ ಪರೀಕ್ಷೆ ಮತ್ತು ಔಷಧ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಮನೆಯಲ್ಲಿ ಒಬ್ಬರಿಗೆ ಬಿ ಸೋಂಕಿದೆಯೆಂದು ತಿಳಿದರೆ ಒಡಹುಟ್ಟಿದವರು, ಹೆಂಡತಿ, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮನೆಯವರು ನೆನಪಿಡಬೇಕಾದ ಮಾತುಗಳು

ರಕ್ತವಾಂತಿಯಷ್ಟೇ ಗಂಭೀರವಾದ ಇನ್ನೊಂದು ಚಿಹ್ನೆ ಡಾಂಬರಿನಂತೆ ಕಪ್ಪಾದ, ಅಂಟಂಟಾದ, ದುರ್ವಾಸನೆಯ ಮಲ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುವುದುಂಟು. ಆದರೆ ಯಕೃತ್ತಿನ ಬೇನೆಯಿರುವವರು ಆ ಸಮಾಧಾನವನ್ನು ತಾವಾಗಿ ತಂದುಕೊಳ್ಳದೆ ವೈದ್ಯರಿಗೆ ತೋರಿಸಬೇಕು. ತಲೆಸುತ್ತು, ತಣ್ಣನೆಯ ಬೆವರು, ಮಾತಿನಲ್ಲಿ ತೊದಲು, ಹಗಲೆಲ್ಲ ಮಂಪರು ಇವೂ ಅಪಾಯದ ಸೂಚನೆಗಳೇ.

ರಕ್ತವಾಂತಿಯಾದಾಗ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿರಿ. ನೀರು, ಸೋಡ, ಮಂಜುಗಡ್ಡೆ, ಮನೆಮದ್ದು ಯಾವುದನ್ನೂ ಬಾಯಿಗೆ ಹಾಕಬೇಡಿರಿ. 108 ಅಥವಾ 112ಕ್ಕೆ ಕರೆಮಾಡಿ, ಎಂಡೋಸ್ಕೋಪಿ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಿರಿ. ದ್ವಿಚಕ್ರವಾಹನದ ಮೇಲೆ ಕೂರಿಸಿಕೊಂಡು ಹೋಗಬೇಡಿರಿ. ಹಳೆಯ ಚೀಟಿಗಳು, ಸೇವಿಸುತ್ತಿರುವ ಮಾತ್ರೆಗಳು ಜೊತೆಯಲ್ಲಿರಲಿ. ಸಿರೋಸಿಸ್ ಇರುವವರು ಮೈಕೈ ನೋವಿಗೆ ಅಂಗಡಿಯಿಂದ ತಾವೇ ಮಾತ್ರೆ ಕೊಂಡು ನುಂಗುವುದು ಅಪಾಯಕರ.

ಪರವೂರಿನಲ್ಲಿ ಒಬ್ಬಂಟಿಯಾಗಿ ದುಡಿಯುವ ನಮ್ಮವರ ವಿಷಯದಲ್ಲಿ ಕೊನೆಯದಾಗಿ ಒಂದು ಬಿನ್ನಹ. ಅವರಿಗೆ ರಕ್ತ ಕೊಡುವವರು, ಆಸ್ಪತ್ರೆಯಲ್ಲಿ ರಾತ್ರಿ ಕಾಯುವವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಆದರೆ ಮೂರು ವಾರಗಳ ನಂತರ, ಎಲ್ಲರೂ ಮರೆತಿರುವಾಗ, “ಅಣ್ಣಾ, ನಾಳೆ ನಿಮ್ಮ ತಾರೀಖು, ನಾನೂ ಬರುತ್ತೇನೆ, ಹೋಗೋಣ” ಎನ್ನುವವರು ಕಡಿಮೆ. ರೋಗಿ ಊರಿಗೆ ಹೋಗಲೇಬೇಕಾಗಿದ್ದರೆ, ಅವರ ಜಿಲ್ಲಾಕೇಂದ್ರದ ಹತ್ತಿರ ಈ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಕಾಗದಪತ್ರಗಳೊಡನೆ ಕಳುಹಿಸಿಕೊಡುವುದು ಉತ್ತಮ. ಮೊದಲ ರಾತ್ರಿಯ ಉಂಗುರ ರಕ್ತವನ್ನು ನಿಲ್ಲಿಸುತ್ತದೆ. ಮನುಷ್ಯನನ್ನು ಉಳಿಸುವುದು ಎರಡನೆಯ ಸಲ, ಮೂರನೆಯ ಸಲ ತಾರೀಖಿಗೆ ಸರಿಯಾಗಿ ಮರಳಿ ಹೋಗುವ ಅಭ್ಯಾಸ. ಆ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಹರಿದಿನಗಳ ಸಾಲಿನಲ್ಲೇ ಗುರುತುಹಾಕಿಡೋಣ.